ಹೋರಿ ವ್ಯಾಜ್ಯಕ್ಕೆ ಕೂತ ಆರ್ಡಿಸ್

ಆ ಭಾನುವಾರ ಆರ್ಡಿಸ್ ಚರ್ಚಿನಿಂದ ಬಂದು ಕೋಟು ಬಿಚ್ಚುವ ಮೊದಲೇ ಗಂಡ ಲೈಲ್ ಶುರು ಹಚ್ಚಿಕೊಂಡ. ಯಾರು ಬಂದಿದ್ದರು, ಯಾರು ಬಂದಿರಲಿಲ್ಲ, ಬಾರದವರ ಬಗ್ಗೆ ಬಂದವರು ಏನಂದರು. ಆರ್ಡಿಸ್ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ಒಂದೊಂದೇ ಹೇಳಿದಳು. ಪಾದ್ರಿಯ ಉಪದೇಶ ಉದ್ದವಾಯಿತು. ಆರ್ಗನ್ ಬಾರಿಸುವ ಮುದುಕಿಗೆ ನಿದ್ದೆ ಬಂತು. ಎಬ್ಬಿಸಿದ ಮೇಲೆ ಅವಳು ಬೇರೆ ಯಾವುದೋ ಹಾಡು ಬಾರಿಸಿದಳು. ಜನ ಅದನ್ನೇ ಹಾಡಿದರು.

"ಯಾರೂ ತಡೀಲಿಲ್ವಾ?" ಎಂದ ಲೈಲ್.

"ಇಲ್ಲ."

"ಪಾದ್ರಿ?"

"ಅವ್ರೂ ಹಾಡಿದ್ರು."

ಲೈಲ್ ನಕ್ಕ. ನಕ್ಕರೆ ಕೆಮ್ಮು, ಕೆಮ್ಮಿದರೆ ಎದೆ ಹಿಡಿದುಕೊಳ್ಳುವುದು, ಹಿಡಿದುಕೊಂಡೇ ಮತ್ತೆ ನಗುವುದು. ಮಧ್ಯಾಹ್ನ ಇಬ್ಬರೂ ಹಂದಿಮಾಂಸ, ಆಲೂಗಡ್ಡೆ ಉಂಡರು. ಅವನು ಕುರ್ಚಿಯಲ್ಲೇ ತೂಕಡಿಸಿದ. ಅವಳು ಅವನ ಕಾಲಚೀಲ ಹೊಲಿದಳು. ಸಂಜೆ ಎದ್ದವನು ಆರ್ಗನ್ ಮುದುಕಿಯ ಕತೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಅವರಿಬ್ಬರು ಎಂದಿನಂತೆ ಕಳೆದ ಕೊನೆಯ ದಿನ ಅದು. ಅದು ಅವರಿಗೆ ಗೊತ್ತಿರಲಿಲ್ಲ.

ಲೈಲ್ ಬ್ರೆಕ್ಕೆ ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದವನು. ಮಿನೆಸೋಟದ ಆ ಮೂಲೆಯಲ್ಲಿ ಅವನು ಹೋಗದ ಹಟ್ಟಿಯಿರಲಿಲ್ಲ. ಒಂದು ಹಟ್ಟಿಯ ಕ್ಯಾನಿನ ಜೊತೆಗೆ ಅಲ್ಲಿಯ ಸುದ್ದಿಯನ್ನೂ ಎತ್ತಿಕೊಂಡು ಮುಂದಿನ ಹಟ್ಟಿಗೆ ಇಳಿಸುತ್ತಿದ್ದ. ಹಾಗೆ ಒಂದು ಹಟ್ಟಿಗೆ ಹೋದಾಗಲೇ ಅವನು ಆರ್ಡಿಸ್‌ಳನ್ನು ಕಂಡದ್ದು. ಅವಳು ಕೂಲಿಯವನ ಮಗಳು. ಎಂಟನೇ ತರಗತಿಗೆ ಶಾಲೆ ಬಿಟ್ಟು ಕಂಡವರ ಹಸು ಕರೆಯುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದಿದ್ದರೆ ಇಲ್ಲ. ಇಷ್ಟು ಕಡಿಮೆ ಮಾತಾಡುವವಳ ಹೊಟ್ಟೆಯಲ್ಲಿ ಎಷ್ಟು ಸುದ್ದಿ ಕೂಡಿರಬೇಕು ಎಂದು ಅವನಿಗೆ ಆಸೆ ಹುಟ್ಟಿತಂತೆ. ಮದುವೆಯಾದ. ಮಕ್ಕಳಾಗಲಿಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು.

ಆಮೇಲೆ ಅವನ ಎದೆ ಕೆಟ್ಟಿತು. ಕಾಲು ಊದಿಕೊಂಡಿತು. ಲಾರಿ ಬಿಡಿಸಿದರು. ಮೂವತ್ತು ವರ್ಷ ಊರೂರು ತಿರುಗಿದವನಿಗೆ ಅಡುಗೆಮನೆಯ ಒಂದು ಕುರ್ಚಿ ಉಳಿಯಿತು. ಇನ್ನು ಸುದ್ದಿ ತರುವವಳು ಅವಳೊಬ್ಬಳೇ. ಅವಳದು ಒಣ ಮಾತು. ಆದರೆ ಹಿಡಿ ಹಿಟ್ಟು ಕೊಟ್ಟರೆ ಸಾಕು, ಅವನು ಅದರಲ್ಲೇ ರೊಟ್ಟಿ ಬಡಿದುಕೊಳ್ಳುತ್ತಿದ್ದ. ದಿನಾ ಸಂಜೆ ಅದೇ ಅವನ ಊಟ. ಡಾಕ್ಟರರ ಗುಳಿಗೆಗಿಂತ ಅದೇ ಅವನನ್ನು ಎಬ್ಬಿಸಿ ಕೂರಿಸುತ್ತಿತ್ತು. ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಅದನ್ನೊಂದು ಮಾತ್ರ ಅವಳು ಅವನಿಗೆ ಹೇಳಿರಲಿಲ್ಲ. ಅವನು ಅದನ್ನು ಅವಳ ಮುಖ ನೋಡಿಯೇ ಓದಿಕೊಂಡಿದ್ದ.

ಊರಿನವರೇ ಕೂತು ತೀರ್ಪು ಹೇಳುವ ಜ್ಯೂರಿಗೆ ಬರಬೇಕೆಂದು ಕೋರ್ಟಿನ ಕರೆ ಬಂದಾಗ ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಅವನೇ ಹಟ ಹಿಡಿದ. ಆ ವಾರ ನಡೆಯಲಿದ್ದದ್ದು ಮೆಲ್ಬಿ ಅಣ್ಣತಮ್ಮಂದಿರ ಹೋರಿ ವ್ಯಾಜ್ಯ. ಅಣ್ಣ ಐನಾರನ ಹೋರಿ ಬೇಲಿ ದಾಟಿ ತಮ್ಮ ರೋಲ್ಫನ ಹುಲ್ಲುಗಾವಲಿಗೆ ನುಗ್ಗಿ ಅವನ ಜಾತಿ ಕಡಸುಗಳನ್ನು ಕೆಡಿಸಿಬಿಟ್ಟಿತ್ತು. ಹುಟ್ಟಿದ ಕರುಗಳು ತಂದೆಯ ಮುಖವನ್ನೇ ಹೊತ್ತು ಬಂದವು. ಅಣ್ಣತಮ್ಮಂದಿರು ಮಾತು ಬಿಟ್ಟರು, ಚರ್ಚಿನಲ್ಲಿ ಬೆಂಚು ಬದಲಾಯಿಸಿದರು, ಕೊನೆಗೆ ಕೋರ್ಟು ಹತ್ತಿದರು. ಆ ಇಬ್ಬರ ಹಟ್ಟಿಯಿಂದಲೂ ಲೈಲ್ ಹಾಲು ಒಯ್ದಿದ್ದ. ಹೋರಿಯನ್ನೂ ಬಲ್ಲ.

"ಹೋಗೇ ಮಾರಾಯ್ತಿ. ಇಂಥ ಕೇಸು ಇನ್ನೊಂದು ಸಲ ಬರಲ್ಲ. ಮುಂದಿನ ಸಾಲಲ್ಲಿ ಕೂತು ನೋಡು. ಬಂದು ಎಲ್ಲಾ ಹೇಳು."

ಅವಳು ಹೋದಳು.

ಕೋರ್ಟಿನ ಹಾಲಿನಲ್ಲಿ ಆವತ್ತು ಕೌಂಟಿಯ ಅರ್ಧ ಜನ ಸೇರಿದ್ದರು. ಜ್ಯೂರಿಗೆ ಬೇಕಾದವರು ಆರೇ ಜನ. ಉಳಿದವರೆಲ್ಲ ತಪ್ಪಿಸಿಕೊಳ್ಳುವುದು ಹೇಗೆಂದು ಮನೆಯಿಂದಲೇ ಕಲಿತು ಬಂದಿದ್ದರು. ಬ್ಯಾಂಕಿನ ಮ್ಯಾನೇಜರಿಗೆ ಬೆನ್ನುನೋವು, ಕೂರಲಾಗದು. ಹಿಂದಿನ ದಿನವಿಡೀ ಅವನು ಕೆರೆಯ ಹಿಮಗಡ್ಡೆಯ ಮೇಲೆ ತೂತು ಕೊರೆದು ಮೀನಿಗೆ ಕೂತದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಹೈಸ್ಕೂಲು ಮೇಷ್ಟರು ಎದ್ದು, ನಾನು ಎಲ್ಲದರ ಬಗ್ಗೆಯೂ ಮೊದಲೇ ಅಭಿಪ್ರಾಯ ಮಾಡಿಕೊಂಡಿರುತ್ತೇನೆ, ಬಿಟ್ಟುಬಿಡಿ ಎಂದರು. ಇನ್ಷೂರೆನ್ಸ್‌ನವನಿಗೆ ಹೋರಿಗಳೆಂದರೆ ಹುಟ್ಟಿನಿಂದಲೇ ಭಯ. ಜಡ್ಜ್ ಥರ್ಲೋ ಒಬ್ಬೊಬ್ಬರಿಗೂ ತಲೆಯಾಡಿಸಿ ಕಳಿಸಿದರು. ಅವರೆಲ್ಲ ಜಡ್ಜರ ಜೊತೆ ಇಸ್ಪೀಟಿಗೆ ಕೂರುವವರು.

ಆರ್ಡಿಸ್‌ಳ ಸರದಿ ಬಂತು. ಏನಾದರೂ ತೊಂದರೆ ಇದೆಯೇ ಎಂದು ಜಡ್ಜರು ಕೇಳಿದರು. ಗಂಡನಿಗೆ ಎದೆಯ ಕಾಯಿಲೆ ಎಂದಳು.

"ಎದ್ದು ಓಡಾಡ್ತಾರಾ?"

"ಒಲೆ ತನಕ ಹೋಗ್ತಾನೆ."

"ಕಾಫಿ ಮಾಡ್ಕೋತಾರಾ?"

"ಮಾಡ್ಕೋತಾನೆ. ಕುಡಿಯೋ ಹಾಗಿರಲ್ಲ."

ಕೋರ್ಟಿನಲ್ಲಿ ನಗೆ ಎದ್ದಿತು. ಜಡ್ಜರೂ ನಕ್ಕು, ಹಾಗಾದರೆ ಪರವಾಗಿಲ್ಲ, ಕೂತುಕೊಳ್ಳಿ ಎಂದರು. ಗಂಡ ಸಾಯುತ್ತಿದ್ದಾನೆ ಎಂದು ಒಂದು ಮಾತು ಅಂದಿದ್ದರೆ ಬಿಡುತ್ತಿದ್ದರು. ಅಷ್ಟು ಜನರ ಮುಂದೆ ಅದನ್ನು ಅನ್ನಲು ಅವಳ ನಾಲಿಗೆ ಏಳಲಿಲ್ಲ. ಅಂತೂ ಸುಳ್ಳು ಬಲ್ಲವರು ಮನೆಗೆ ಹೋದರು, ಸುಳ್ಳು ಬಾರದವರು ಜ್ಯೂರಿಯ ಕಟಕಟೆ ಹತ್ತಿದರು. ಇದಕ್ಕೆ ಅಲ್ಲಿ ನ್ಯಾಯ ಎಂದು ಹೆಸರು.

ಆರು ಜನರಲ್ಲಿ ಖುಷಿಯಿಂದ ಕೂತವಳು ಬರ್ನಿಸ್ ಫೋಸಮ್ ಒಬ್ಬಳೇ. ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವಳದು. ಉಳಿದ ನಾಲ್ವರು ಇದ್ದೂ ಇಲ್ಲದಂತಿದ್ದರು. ಆರೂ ಜನರಿಂದ ಬಲಗೈ ಎತ್ತಿಸಿ ಆಣೆ ಮಾಡಿಸಿದರು. ಆಮೇಲೆ ಜಡ್ಜ್ ಥರ್ಲೋ ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ ಹೇಳಿದರು: ಈ ಕೇಸಿನ ವಿಷಯ ಮುಗಿಯುವ ತನಕ ಯಾರ ಹತ್ತಿರವೂ ಆಡಕೂಡದು. ನೆರೆಯವರ ಹತ್ತಿರ ಇಲ್ಲ, ನಿಮ್ಮನಿಮ್ಮಲ್ಲೂ ಇಲ್ಲ, ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಕೂಡ ಬಾಯಿ ಬಿಡಕೂಡದು. ದಿನಾ ಕೋರ್ಟು ಏಳುವಾಗ ಇದನ್ನೇ ಮಂತ್ರದಂತೆ ಹೇಳುತ್ತಿದ್ದರು. ಕೇಳಿದವರೆಲ್ಲ ತಲೆಯಾಡಿಸುತ್ತಿದ್ದರು. ಅದನ್ನು ನಂಬಿದವಳು ಒಬ್ಬಳೇ.

ಸಂಜೆ ಅವಳು ಮನೆಗೆ ಬಂದಾಗ ಲೈಲ್ ತಲೆ ಬಾಚಿಕೊಂಡು, ಅಂಗಿ ಬದಲಾಯಿಸಿ, ಎರಡು ಬಟ್ಟಲು ಕಾಫಿ ಮಾಡಿ ಕಾಯುತ್ತಿದ್ದ. ಕಾಫಿ ಕುಡಿಯುವ ಹಾಗಿರಲಿಲ್ಲ. ಅವಳು ಕುಡಿದಳು.

"ಹೂಂ, ಹೇಳು," ಎಂದ.

"ಹೇಳೋ ಹಾಗಿಲ್ಲ."

"ಯಾಕೆ, ಶುರುವಾಗ್ಲಿಲ್ವಾ?"

"ಆಯ್ತು. ಹೇಳೋ ಹಾಗಿಲ್ಲ. ಆಣೆ ಇಟ್ಟಿದ್ದೀನಿ."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದು ಅವನು ಕಾದ. ಅವಳು ತಮಾಷೆ ಮಾಡಿದ್ದು ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ ಎಂಬುದು ಆಮೇಲೆ ನೆನಪಾಯಿತು.

"ನಾನು ಯಾರಿಗೆ ಹೇಳ್ಲಿಕ್ಕಿದ್ದೀನೇ? ಈ ಕುರ್ಚಿ ಬಿಟ್ಟು ಎದ್ದು ಎಷ್ಟು ದಿನ ಆಯ್ತು? ಒಲೆಗೆ ಹೇಳ್ಲಾ?"

"ಯಾರಿಗೂ ಬೇಡ. ಗಂಡಂಗೂ ಬೇಡ ಅಂದ್ರು. ಹಾಗೇ ಅಂದ್ರು ಲೈಲ್, ಬಾಯಿ ಬಿಟ್ಟು."

"ಆ ಥರ್ಲೋ ನನ್ನ ಲಾರಿ ಹಿಂದೆ ಓಡ್ಕೊಂಡ್ ಬರ್ತಿದ್ದ, ಕೆನೆ ಕೊಡು ಅಂತ. ಮೂಗಲ್ಲಿ ಸಿಂಬಳ. ಅವ್ನ ಮಾತಿಗೆ ನೀನು ನನ್ನ ಬಾಯಿ ಕಟ್ತೀಯಾ?"

"ನಂದು ಕಟ್ಟಿದ್ದಾರೆ. ನಿಂದಲ್ಲ."

ಅವನು ಮುಖ ತಿರುಗಿಸಿ ಕೂತ. ಆದರೆ ಸಿಟ್ಟು ಹಿಡಿದಿಡುವ ಜಾತಿ ಅವನದಲ್ಲ. ಪಾತ್ರೆ ತೊಳೆಯಲು ನಿಂತ ಅವಳಿಗೆ ಹಿಂದಿನಿಂದ ಪ್ರಶ್ನೆಗಳ ಕಲ್ಲೆಸೆಯತೊಡಗಿದ. ಐನಾರ್ ಆ ಕಂದು ಕೋಟು ಹಾಕಿದ್ದನಾ? ರೋಲ್ಫನ ಹೆಂಡತಿ ಅತ್ತಳಾ? ಹೋರಿಯ ಪಟ ತೋರಿಸಿದರಾ? ಅವಳ ಮುಖ ನೋಡಿ ಕಂಡುಕೊಳ್ಳುವುದು ಅವನ ಹಂಚಿಕೆ. ಅವಳು ಮುಖ ತೋರಿಸದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹೋರಿಯ ಪಟ ಎಂದಾಗ ಅವಳ ಕಿವಿ ಕೆಂಪಗಾಯಿತು. ಅದನ್ನು ಕಂಡು ಅವನು ಕುರ್ಚಿಯ ಕೈ ತಟ್ಟಿ ನಕ್ಕ. ಅವತ್ತಿಗೆ ಅವನಿಗೆ ಸಿಕ್ಕಿದ್ದು ಅಷ್ಟೇ.

ಪಟ ನಿಜವಾಗಿ ತೋರಿಸಿದ್ದರು. ಬಾಗಿಲಿನಷ್ಟು ದೊಡ್ಡದು, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಪೇಟೆಯ ವಕೀಲನೊಬ್ಬ ಕೋಲು ಹಿಡಿದು ಆ ಪ್ರಾಣಿಯ ಯಾವ ಭಾಗ ಯಾವುದಕ್ಕೆ ಎಂದು ಹಸು ಸಾಕಿ ಬೆಳೆದ ಆರು ಜನರಿಗೆ ವಿವರಿಸಿದ. ಆಮೇಲೆ ಬೇಲಿಗೆ ಬಂದರು. ಎರಡು ಹೊಲದ ನಡುವಿನ ಬೇಲಿಗೆ ಆ ಕಡೆ ಒಂದು ಹಳೆಯ ಕಟ್ಟಳೆ ಇದೆ. ಇಬ್ಬರೂ ಬೇಲಿಯ ನಡುಮಧ್ಯಕ್ಕೆ ಬಂದು ಎದುರುಬದುರು ನಿಲ್ಲಬೇಕು. ಅವರವರ ಬಲಗೈ ಕಡೆಯ ಅರ್ಧವನ್ನು ಅವರವರು ಗಟ್ಟಿಯಾಗಿಡಬೇಕು. ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ವಿಷಯ. ಹೋರಿ ದಾಟಿದ್ದು ಹಳ್ಳದ ಹತ್ತಿರ, ಬೇಲಿ ಸೊಟ್ಟಗೆ ತಿರುಗುವ ಕಡೆ. ಹಾಗಾದರೆ ನಡುಮಧ್ಯ ಎಲ್ಲಿ? ಹಗ್ಗ ನೆಟ್ಟಗೆ ಹಿಡಿದರೆ ಒಂದು ಕಡೆ, ಹಳ್ಳದ ಸೊಟ್ಟ ಹಿಡಿದರೆ ಇನ್ನೊಂದು ಕಡೆ. ಇಬ್ಬರು ವಕೀಲರು ದಿನಗಟ್ಟಲೆ ಇದನ್ನೇ ಜಗ್ಗಾಡಿದರು. ಕೋರ್ಟಿನ ನಡುವೆ ಎದುರುಬದುರು ನಿಂತು ಬಲಗೈ ಚಾಚಿ ತೋರಿಸುವುದು, ಜಾಗ ಬದಲಾಯಿಸಿ ಮತ್ತೆ ಚಾಚುವುದು. ಹೊಲ ಸಮೀಕ್ಷೆ ಮಾಡುವವನನ್ನು ಕರೆಸಿದರು. ಅವನದಕ್ಕೆ ಎದುರಾಗಿ ಇನ್ನೊಬ್ಬನನ್ನು ಕರೆಸಿದರು. ಮೆಲ್ಬಿಗಳು ಮಾತ್ರ ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ತಾಯಿಯ ಮೊಂಡು ಗದ್ದ ಹೊತ್ತು ಕೂತಿದ್ದರು. ಆ ಹೊತ್ತಿನಲ್ಲಿ ಅಂಥ ನಾಲ್ಕು ಬೇಲಿ ಕಟ್ಟಿ ಮುಗಿಸಬಹುದಿತ್ತು.

ಲೈಲ್ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದ ಎಂಬುದು ಅವಳಿಗೆ ಕೂತಲ್ಲೇ ಕೇಳಿಸುತ್ತಿತ್ತು. ಅವನಿಗೆಂದೇ ಅವಳು ಎಲ್ಲವನ್ನೂ ಎತ್ತಿಟ್ಟುಕೊಳ್ಳತೊಡಗಿದಳು. ವಕೀಲನ ಷರಾಯಿಯ ಹೊಲಿಗೆ ಹಿಂದೆ ಬಿಚ್ಚಿಕೊಂಡದ್ದು. ಸಾಕ್ಷಿ ಹೇಳಲು ಬಂದ ದನದ ಡಾಕ್ಟರು ಹೋರಿಯ ಪಟಕ್ಕೆ ಹ್ಯಾಟು ತೆಗೆದದ್ದು. ಅವಳ ಜೀವನದಲ್ಲಿ ಇಷ್ಟು ಕತೆ ಒಟ್ಟಿಗೆ ಅವಳ ಕೈಗೆ ಸಿಕ್ಕಿರಲೇ ಇಲ್ಲ.

ವಾರ ಮುಗಿಯಿತು, ಕೇಸು ಮುಗಿಯಲಿಲ್ಲ. ಒಬ್ಬ ವಕೀಲನಿಗೆ ನೆಗಡಿ ಎಂದು ಒಂದು ದಿನ ಹೋಯಿತು. ಜಡ್ಜರ ಹಲ್ಲಿಗೆ ಅರ್ಧ ದಿನ ಹೋಯಿತು. ಶನಿವಾರ ಪಕ್ಕದ ಹೊಲದ ಹಾರ್ಲನ್ ಸೌದೆ ಹಾಕಲು ಬಂದವನು ಲೈಲ್‌ನ ಎದುರು ಕೂತು ಹೋರಿಯ ಪಟದಿಂದ ಹಿಡಿದು ಹಳ್ಳದ ಸೊಟ್ಟದ ತನಕ ಪೂರ್ತಿ ವರದಿ ಒಪ್ಪಿಸಿದ. ಎಲ್ಲಿಂದ ಕೇಳಿದೆ ಎಂದರೆ, ನನ್ನ ಹೆಂಡತಿ ಕೂದಲು ಕತ್ತರಿಸಿಕೊಳ್ಳಲು ಬರ್ನಿಸ್‌ಳ ಅಂಗಡಿಗೆ ಹೋಗಿದ್ದಳಲ್ಲ ಎಂದ. ಅಂಗಡಿಯಲ್ಲಿ ಆ ವಾರ ಹೆಂಗಸರ ಸಾಲು ಬಾಗಿಲ ತನಕ ಇತ್ತಂತೆ. ಕೂದಲು ಬೆಳೆಯದವರೂ ಬಂದಿದ್ದರಂತೆ.

ಆರ್ಡಿಸ್ ಹಿಟ್ಟು ನಾದುತ್ತಿದ್ದವಳು ನಾದುತ್ತಲೇ ಇದ್ದಳು. ಹಾರ್ಲನ್ ಹೋದ ಮೇಲೆ, ಎಲ್ಲ ಗೊತ್ತಾಯಿತಲ್ಲ, ಇನ್ನೇನು ಎಂದು ಗಂಡನನ್ನು ಕೇಳಿದಳು.

ಲೈಲ್ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. ಆ ವಾರದಲ್ಲಿ ಅವನ ಕಾಲಿನ ಊತ ಮೊಣಕಾಲು ದಾಟಿತ್ತು.

"ಅದು ಬರ್ನಿಸ್ ಕತೆ ಕಣೇ. ಅವ್ಳು ಬೆಣ್ಣೆ ಹಚ್ಚಿ ಕೊಡ್ತಾಳೆ, ಹಾರ್ಲನ್ ಸಕ್ಕರೆ ಹಾಕ್ತಾನೆ. ನೀನು ನೋಡಿದ್ದು ಬೇಕು ನನ್ಗೆ. ನೀನು ನಾಕು ಮಾತಲ್ಲಿ ಹೇಳ್ತೀಯಲ್ಲ, ಹಾಗೆ."

"ಮುಗಿದ ದಿನ ಹೇಳ್ತೀನಿ. ಒಂದೂ ಬಿಡಲ್ಲ."

"ನಾನು ಇರೋವಾಗ್ಲೇ ಮುಗಿಸ್ತಾರಾ?"

ಅವಳು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು.

ಸೋಮವಾರ ಅವಳು ಮಾಡಿದ ಕೆಲಸವನ್ನು ಆ ಕೌಂಟಿಯಲ್ಲಿ ಇನ್ಯಾರೂ ಮಾಡುತ್ತಿರಲಿಲ್ಲ. ಬರ್ನಿಸ್ ಕೇಳದೆ ಆಡಿದಳು, ಉಳಿದವರು ಕೇಳದೆ ಆಡಿದರು. ಆರ್ಡಿಸ್ ಅಪ್ಪಣೆ ಕೇಳಲು ಹೋದಳು. ಬಾಗಿಲು ಕಾಯುವ ದಫೇದಾರನಿಗೆ, ಜಡ್ಜರ ಹತ್ತಿರ ಒಂದು ಮಾತಿದೆ ಎಂದಳು. ಅವರ ಕೋಣೆಯಲ್ಲಿ ನಿಂತುಕೊಂಡೇ ಹೇಳಿದಳು. ಗಂಡ ಹೆಚ್ಚು ದಿನ ಇರುವುದಿಲ್ಲ. ಈ ಕೇಸಿನ ಕತೆ ಕೇಳಬೇಕೆಂದು ಅವನಿಗೆ ಆಸೆ. ಅವನು ಮನೆಯಿಂದ ಹೊರಗೆ ಹೋಗುವವನಲ್ಲ. ಹೇಳಬಹುದೇ?

ಜಡ್ಜ್ ಥರ್ಲೋ ಅವಳನ್ನು ಕರುಣೆಯಿಂದ ನೋಡಿದರು. ಆ ಕರುಣೆಯನ್ನು ಅವಳು ಮರೆತಿಲ್ಲ. ನಿಯಮ ಎಂದರೆ ನಿಯಮ, ಮಿಸೆಸ್ ಬ್ರೆಕ್ಕೆ, ನಿಮಗೊಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು. ಇನ್ನೇನು ಮುಗಿಯುತ್ತದೆ, ಸ್ವಲ್ಪ ತಾಳ್ಮೆ ಇರಲಿ ಎಂದರು. ಮನೆಗೆ ಹೋಗಿ ಗಂಡನನ್ನು ನೋಡಿಕೊಳ್ಳಿ ಎಂದು ಮಾತ್ರ ಅನ್ನಲಿಲ್ಲ. ಆರು ಜನರಲ್ಲಿ ಒಬ್ಬರು ಎದ್ದರೆ ಕೇಸು ಮೊದಲಿನಿಂದ ನಡೆಸಬೇಕಂತೆ.

ಅವತ್ತು ಮಧ್ಯಾಹ್ನ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಅವಳು ಸೂಪು ಕುಡಿಯುತ್ತಿದ್ದಳು. ಬೆನ್ನ ಹಿಂದಿನ ಮೇಜಿನಿಂದ ನಗೆ ಬಂತು. ಜಡ್ಜರು ಬ್ಯಾಂಕಿನ ಮ್ಯಾನೇಜರಿಗೆ, ಆ ಬೆನ್ನುನೋವಿನವನಿಗೆ, ದನದ ಡಾಕ್ಟರು ಪಟಕ್ಕೆ ಹ್ಯಾಟು ತೆಗೆದದ್ದನ್ನು ಅಭಿನಯಿಸಿ ತೋರಿಸುತ್ತಿದ್ದರು. ಹ್ಯಾಟಿನ ಬದಲು ಪೈ ತಿನ್ನುವ ತಟ್ಟೆ ಎತ್ತಿ ಹಿಡಿದಿದ್ದರು. ಲೈಲ್‌ಗೆಂದು ಅವಳು ಎತ್ತಿಟ್ಟುಕೊಂಡ ಚಿನ್ನದಂಥ ತುಣುಕು ಅದು. ಬ್ಯಾಂಕಿನವನು ತಿಂದದ್ದು ನೆತ್ತಿಗೇರುವಷ್ಟು ನಕ್ಕ. ಆರ್ಡಿಸ್ ಸೂಪು ಅರ್ಧಕ್ಕೆ ಬಿಟ್ಟು ಎದ್ದಳು. ಆದರೂ ಸಂಜೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವರು ಮುರಿದರು ಎಂದು ನಾನು ಮುರಿದರೆ ನಾನೂ ಅವರೂ ಒಂದೇ ಎಂದುಕೊಂಡಳು. ಅದು ಸರಿಯೋ ತಪ್ಪೋ ಎಂಬುದನ್ನು ಆಮೇಲೆ ಹಲವರು ಅವಳಿಗೆ ಹೇಳಿದರು. ಹೇಳಿದವರಲ್ಲಿ ಒಬ್ಬರೂ ಯಾವತ್ತೂ ಒಂದು ಮಾತು ಉಳಿಸಿಕೊಂಡವರಲ್ಲ.

ಬುಧವಾರ ಬೆಳಿಗ್ಗೆ ಲೈಲ್‌ಗೆ ಕುರ್ಚಿಯಿಂದ ಏಳಲಾಗಲಿಲ್ಲ. ಅವಳು ಹೋಗುವುದಿಲ್ಲ ಎಂದಳು. ಇವತ್ತು ಮುಗಿಯುತ್ತದೆ ಎಂದು ಹಾರ್ಲನ್ ಹೇಳಿದ್ದಾನೆ, ಹೋಗು ಎಂದ. ಗುಳಿಗೆ, ನೀರು, ಕಂಬಳಿ ಕೈಗೆಟುಕುವಂತಿಟ್ಟಳು. ಮಧ್ಯಾಹ್ನ ಬಂದು ನೋಡಿಕೊಳ್ಳಲು ಹಾರ್ಲನ್‌ನ ಹೆಂಡತಿಗೆ ಹೇಳಿ ಹೊರಟಳು.

"ಆರ್ಡಿಸ್," ಎಂದು ಅವನು ಕರೆದ. ಅವಳು ತಿರುಗಿದಳು. "ರೋಲ್ಫ್ ಗೆಲ್ಬೇಕು ಅಂತ ನನ್ನಾಸೆ. ಐನಾರ್ ಹಾಲಿಗೆ ನೀರು ಹಾಕ್ತಿದ್ದ."

ಅವತ್ತು ಆರೂ ಜನರನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಯಾಕೆಂದು ಯಾರೂ ಹೇಳಲಿಲ್ಲ. ಕಿಟಕಿಯಿಲ್ಲದ ಕೋಣೆ. ಹಿಂದಿನ ದಿನದ ಡೋನಟ್ಟು, ತಣ್ಣಗಿನ ಕಾಫಿ. ಬರ್ನಿಸ್ ಉಗುರು ಉಜ್ಜಿಕೊಂಡಳು. ಊಟದ ಹೊತ್ತು ದಾಟಿತು. ಮನೆಗೆ ಒಂದು ಫೋನು ಮಾಡಬೇಕು ಎಂದು ಆರ್ಡಿಸ್ ದಫೇದಾರನನ್ನು ಕೇಳಿದಳು. ಈಗ ಬಿಡುವಂತಿಲ್ಲ, ಯಾವ ಗಳಿಗೆಯಲ್ಲಾದರೂ ಕರೆಯುತ್ತಾರೆ ಎಂದ. ಕೊನೆಗೆ ಬಾಗಿಲು ತೆರೆಯಿತು. ಜಡ್ಜ್ ಥರ್ಲೋ ಖುದ್ದಾಗಿ ಬಂದಿದ್ದರು. ಮುಖ ಹೊಳೆಯುತ್ತಿತ್ತು.

ಸಂತೋಷದ ಸಮಾಚಾರ ಎಂದರು. ಕಕ್ಷಿದಾರರು ಹೊರಗೆ ವರಾಂಡದಲ್ಲಿ ನಿಂತು ಮಾತಾಡಿಕೊಂಡು ರಾಜಿಯಾಗಿದ್ದಾರೆ. ಬೇಲಿಯನ್ನು ಅರ್ಧ ಅರ್ಧ ಕಟ್ಟುವುದು, ಹೋರಿಯನ್ನು ಮಾರುವುದು. ಇನ್ನು ತೀರ್ಪಿನ ಅಗತ್ಯ ಇಲ್ಲ. ಆದರೆ ನೀವು ಇಲ್ಲಿ ಕೂತದ್ದು ವ್ಯರ್ಥವಲ್ಲ, ನೀವು ಕೂತಿದ್ದೀರಿ ಎಂಬ ಭಯದಿಂದಲೇ ಅವರು ಒಪ್ಪಿದ್ದು. ದೇಶ ನಿಮಗೆ ಋಣಿ. ಇನ್ನು ನೀವು ಯಾರ ಹತ್ತಿರ ಬೇಕಾದರೂ ಈ ವಿಷಯ ಮಾತಾಡಬಹುದು.

ಅಂತೂ ಹೊಲದಲ್ಲಿ ಬೆದರುಗೊಂಬೆಗಿರುವ ಬೆಲೆ ಆ ಆರು ಜನರಿಗೆ ಅಲ್ಲಿ. ನಿಂತರೆ ಸಾಕು, ಕೆಲಸವಿಲ್ಲ. ಹೊರಗೆ ಮೆಲ್ಬಿಗಳು ಕೈ ಕುಲುಕುತ್ತಿದ್ದರು. ವಕೀಲರಿಬ್ಬರೂ ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು.

ಆರ್ಡಿಸ್ ಯಾರನ್ನೂ ನೋಡದೆ ಕಾರು ಹತ್ತಿದಳು. ಹಿಮ ಬೀಳುತ್ತಿತ್ತು. ದಾರಿಯುದ್ದಕ್ಕೂ ಯಾವುದನ್ನು ಮೊದಲು ಹೇಳುವುದು ಎಂದು ಜೋಡಿಸಿಕೊಂಡಳು. ಮಾತು ಜೋಡಿಸಿಕೊಂಡು ಅಭ್ಯಾಸವಿಲ್ಲದವಳು. ಗಟ್ಟಿಯಾಗಿ ಒಂದೆರಡು ಸಲ ಹೇಳಿ ನೋಡಿದಳು. ಪಟದಿಂದ ಶುರು ಮಾಡುವುದು, ಹ್ಯಾಟನ್ನು ತಡೆದಿಟ್ಟುಕೊಳ್ಳುವುದು. ರಾಜಿಯಾದದ್ದನ್ನು ಕೊನೆಗೆ ಹೇಳುವುದು, ಅವನು ಬಯ್ಯಲಿ.

ಮನೆಯ ಮುಂದೆ ಹಾರ್ಲನ್‌ನ ಪಿಕಪ್ ನಿಂತಿತ್ತು. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೋಟಿಲ್ಲದೆ. ಅಷ್ಟು ಚಳಿಯಲ್ಲಿ ಕೋಟಿಲ್ಲದೆ ನಿಂತವರು ಏನು ಹೇಳಲು ನಿಂತಿರುತ್ತಾರೆ ಎಂಬುದು ಆ ಸೀಮೆಯವರಿಗೆ ಗೊತ್ತು. ಲೈಲ್ ಕುರ್ಚಿಯಲ್ಲೇ ಹೋಗಿದ್ದ. ತುಸು ಮೊದಲೇ, ಅವಳು ಡೋನಟ್ಟಿನ ಎದುರು ಕೂತಿದ್ದಾಗ. ಕೋರ್ಟಿಗೆ ಫೋನು ಮಾಡಿದೆವು, ಜ್ಯೂರಿಯವರನ್ನು ಕರೆಯುವಂತಿಲ್ಲ ಅಂದರು ಎಂದು ಹಾರ್ಲನ್‌ನ ಹೆಂಡತಿ ಅತ್ತಳು.

ಮಣ್ಣಾದ ಮೇಲೆ ಚರ್ಚಿನ ನೆಲಮನೆಯಲ್ಲಿ ಊಟ. ಹಂದಿಮಾಂಸದ ಬನ್ನು, ಆಲೂಗಡ್ಡೆ ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್, ಒಂದು ಬಾನಿ ಕಾಫಿ. ಮೆಲ್ಬಿ ಅಣ್ಣತಮ್ಮಂದಿರು ಜೊತೆಯಾಗಿ ಬಂದು ಒಂದೇ ಬೆಂಚಿನಲ್ಲಿ ಕೂತು ಎರಡೆರಡು ಸಲ ಬಡಿಸಿಕೊಂಡರು. ಬರ್ನಿಸ್ ಬಂದು ಆರ್ಡಿಸ್‌ಳ ಕೈ ಹಿಡಿದುಕೊಂಡಳು. ಪಾಪ, ಲೈಲ್‌ಗೆ ಹೋರಿ ಕತೆ ಎಷ್ಟು ಖುಷಿ ಕೊಟ್ಟಿರಬೇಕು ಎಂದಳು.

"ಹೇಳ್ಲಿಲ್ಲ," ಎಂದಳು ಆರ್ಡಿಸ್.

"ಹೇಳ್ಲಿಲ್ಲ ಅಂದ್ರೆ?"

"ಆಣೆ ಇಟ್ಟಿದ್ವಲ್ಲ."

ಬರ್ನಿಸ್ ಆಚೀಚೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅಯ್ಯೋ ಆರ್ಡಿಸ್. ಗಂಡಂಗೆ ಹೇಳೋದು ಲೆಕ್ಕಕ್ಕಿಲ್ಲ ಕಣೇ. ಅದನ್ನ ಯಾರು ಪಾಲಿಸ್ತಾರೆ?"

ಆರ್ಡಿಸ್ ಕೈ ಬಿಡಿಸಿಕೊಂಡಳು. ಕಾಫಿ ಬಾನಿ ಖಾಲಿಯಾಗಿತ್ತು. ತುಂಬಿಸಲು ಹೋದಳು.

ಆಮೇಲೆ ಆ ಕತೆಯನ್ನು ಅವಳಿಂದ ಕೇಳಲು ಬಹಳ ಜನ ನೋಡಿದರು. ಅಂಗಡಿಯಲ್ಲಿ, ಶಾಲೆಯ ಅಡುಗೆಮನೆಯಲ್ಲಿ. ಈಗ ಹೇಳಬಹುದಲ್ಲ, ಬಿಟ್ಟಿದ್ದಾರಲ್ಲ ಎಂದರು. ಬಿಟ್ಟಿದ್ದಾರೆ ಎಂದು ಅವಳು ಒಪ್ಪಿದಳು. ಹೇಳಲಿಲ್ಲ. ಅದು ಒಬ್ಬನಿಗಾಗಿ ಕೂಡಿಸಿದ್ದು. ಅವನಿಗೆ ಸಿಗದ್ದು ಹಾರ್ಲನ್‌ಗೆ ಯಾಕೆ ಸಿಗಬೇಕು?

ನಾಲ್ಕೈದು ವರ್ಷದ ಮೇಲೆ ಕೋರ್ಟು ಅವಳನ್ನು ಮತ್ತೆ ಕರೆಯಿತು. ಅದೇ ಕೋರ್ಟಿನ ಹಾಲ್, ಅದೇ ಜಡ್ಜ್ ಥರ್ಲೋ, ಕೂದಲು ಮಾತ್ರ ಉದುರಿತ್ತು. ಈ ಸಲ ಯಾರದೋ ಕಳಪೆ ಛಾವಣಿಯ ವ್ಯಾಜ್ಯ. ಬೆನ್ನುನೋವಿನವರು, ಭಯದವರು ಎಲ್ಲ ಬಂದಿದ್ದರು. ಅವಳನ್ನು ಎಬ್ಬಿಸಿದಾಗ ಒಬ್ಬ ವಕೀಲ ನಗುಮುಖದಿಂದ ಕೇಳಿದ, ಕೇಸು ಮುಗಿಯುವ ತನಕ ಮನೆಯಲ್ಲಿ ಈ ವಿಷಯ ಆಡದೆ ಇರಲು ನಿಮ್ಮಿಂದ ಆಗುತ್ತದೆಯೇ?

"ಹೋದ ಸಲ ಆಯ್ತು," ಎಂದಳು. "ನನ್ನ ಗಂಡ ಕೇಳ್ತಾ ಕೇಳ್ತಾನೇ ಸತ್ತ. ನಾನು ಹೇಳ್ಲಿಲ್ಲ. ನೀವುಗಳು ವರಾಂಡದಲ್ಲಿ ನಿಂತು ರಾಜಿ ಮಾಡ್ಕೊಂಡ್ರಿ. ಜಡ್ಜ್ ಸಾಹೇಬ್ರು ಹೋಟ್ಲಲ್ಲಿ ಕೂತು ಬ್ಯಾಂಕಿನವ್ರಿಗೆ ಹೇಳಿದ್ರು. ಈಗ ನನ್ನ ಮನೇಲಿ ಕೇಳೋರು ಯಾರೂ ಇಲ್ಲ. ನೀವು ಹೇಳಿದಷ್ಟು ದಿನ ಬಾಯಿ ಮುಚ್ಕೊಂಡಿರ್ತೀನಿ."

ಜಡ್ಜ್ ಥರ್ಲೋ ಎದುರಿಗಿದ್ದ ಪೆನ್ಸಿಲನ್ನು ನೆಟ್ಟಗೆ ಇಟ್ಟರು, ಮತ್ತೆ ಸೊಟ್ಟಗೆ ಇಟ್ಟರು. ಇಬ್ಬರು ವಕೀಲರೂ ತಲೆ ಸೇರಿಸಿದರು. ಎದುರಾಳಿ ವಕೀಲರು ಅಷ್ಟು ಬೇಗ ಒಂದೇ ಮಾತಿಗೆ ಬಂದದ್ದನ್ನು ಆ ಕೋರ್ಟು ಅಲ್ಲಿಯ ತನಕ ಕಂಡಿರಲಿಲ್ಲ. ಮಿಸೆಸ್ ಬ್ರೆಕ್ಕೆಯವರಿಗೆ ಧನ್ಯವಾದ, ಅವರು ಮನೆಗೆ ಹೋಗಬಹುದು ಎಂದರು.

ಅವಳು ಕೋಟಿನ ಗುಂಡಿ ಹಾಕಿಕೊಂಡಳು. ನಿಧಾನವಾಗಿ, ಒಂದೊಂದೇ. ಕೊನೆಯ ಗುಂಡಿ ಹಾಕಿ ಮುಗಿಸುವ ತನಕ ಕೋರ್ಟು ಕಾಯಿತು.

ಬೆಕ್ಕುಗಳೆಂದರೆ ಅವಳಿಗೆ ಮೊದಲಿನಿಂದಲೂ ಆಗದು. ಯಾರ್ಯಾರದೋ ಹಟ್ಟಿಯಿಂದ ಲೈಲ್ ಲಾರಿಯಲ್ಲಿ ತಂದು ತುಂಬಿದ ಬೆಕ್ಕುಗಳ ಸಂತಾನ ಈಗಲೂ ಕೊಟ್ಟಿಗೆಯಲ್ಲಿ ಮುಗಿಯದೆ ಇದೆ. ಇಲಿ ಹಿಡಿಯುವುದಿಲ್ಲ, ಕರೆದರೆ ಬರುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವಳು ಹಾಲು ಬೆಚ್ಚಗೆ ಮಾಡಿ, ಹಳೆಯ ರೊಟ್ಟಿ ಮುರಿದು ಹಾಕಿ, ಒಂದು ತಗಡಿನ ತಟ್ಟೆಯಲ್ಲಿ ಕೊಟ್ಟಿಗೆಯ ಬಾಗಿಲಿಗೆ ಇಡುತ್ತಾಳೆ. ದೊಡ್ಡವು ಸಣ್ಣವನ್ನು ತಳ್ಳದಂತೆ ಬೂಟಿನಿಂದ ಸರಿಸುತ್ತ ನಿಲ್ಲುತ್ತಾಳೆ. ಅವು ನೆಕ್ಕಿ ಮುಗಿಸಿದ ಮೇಲೆ ತಟ್ಟೆಯನ್ನು ಹಿಮದಲ್ಲಿ ಉಜ್ಜಿ, ಕೊಡವಿ, ಒಳಗೆ ತರುತ್ತಾಳೆ.